ಹಲಸಿನ ಹಲಗೆಗೆ ಎರಡು ಬೆಲೆ

ಅವನು ಹಲಗೆಯನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ. ಕಣ್ಣು ಮುಚ್ಚಿತ್ತು.

ಮುಳಬಾಗಿಲಿನಲ್ಲಿ ತಂದೆಯ ಸಾಮಿಲ್ ನೋಡಿಕೊಳ್ಳುತ್ತಿದ್ದ ಚಂದನಳಿಗೆ ನಗು ಬಂತು. ಬಾಗಿಲಿಗೆ, ಮಂಚಕ್ಕೆ ಮರ ಕೇಳುವವರನ್ನು ಕಂಡಿದ್ದಳು. ಮರಕ್ಕೆ ಕಿವಿಗೊಡುವವನನ್ನು ಕಂಡಿರಲಿಲ್ಲ.

"ಏನಂತೆ?"

"ಚೆನ್ನಾಗಿ ಒಣಗಿದೀನಿ ಅಂತಿದೆ."

ಕಣ್ಣು ಬಿಟ್ಟವನು ನೇರವಾಗಿ ಅವಳನ್ನೇ ನೋಡಿದ. ಚಂದನ ತಲೆ ತಗ್ಗಿಸಿ ಅಳತೆ ಟೇಪು ಹುಡುಕಿದಳು... ಅದು ಅವಳ ಕೈಯಲ್ಲೇ ಇತ್ತು.

ಅವನ ಹೆಸರು ಗಂಗಾಧರ್. ತಾಯಲೂರಿನಲ್ಲಿ ಪಂಪ್ ಮೋಟಾರು ರಿಪೇರಿ ಅಂಗಡಿ. ಮದುವೆ ಆರ್ಕೆಸ್ಟ್ರಾದಲ್ಲಿ ಎರವಲು ಗಿಟಾರು ನುಡಿಸುತ್ತಿದ್ದ. ಈಗ ತನ್ನದೇ ಎಲೆಕ್ಟ್ರಿಕ್ ಗಿಟಾರನ್ನು ಕೈಯಾರೆ ಮಾಡುವ ಆಸೆ.

ಅವಳು ತೇಗ ತೋರಿಸಿದಳು.

"ಭಾರ. ಮೂರು ಗಂಟೆ ಹೆಗಲಲ್ಲಿ ತೂಗಬೇಕಲ್ಲ. ರೇಟೂ ನನ್ನ ಕೈಗೆಟುಕಲ್ಲ."

ಸಿಲ್ವರ್ ಓಕ್ ಸೊಟ್ಟಗಾಗಿತ್ತು. ಕೊನೆಗೆ ಅವನ ಕೈ ಮತ್ತೆ ಹಲಸಿನ ಹಲಗೆಗೇ ಹೋಯಿತು.

"ಇದಕ್ಕೆ?"

"ಒಂಬೈನೂರು. ಎಳೆ ನೇರ ಇದೆ, ಗಂಟಿಲ್ಲ."

"ಎತ್ತಿಟ್ಟಿರ್ತೀರಾ? ಮುಂದಿನ ಪ್ರೋಗ್ರಾಂ ದುಡ್ಡು ಬಂದ ಮೇಲೆ ತಗೋತೀನಿ."

ಅಲ್ಲಿಂದ ವಾರವಾರವೂ ಅವನು ಹಲಗೆ ನೋಡಲು ಬಂದ. ಬಂದಾಗಲೆಲ್ಲ ಅದನ್ನು ಸವರುತ್ತಿದ್ದ. ಮರದ ತುಂಡಿನ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಚಂದನಳಿಗೆ ಆಗಲೇ ತಿಳಿದದ್ದು.

ಆದರೆ ಆ ಭಾನುವಾರದ್ದು ಬೇರೆಯೇ ಉರಿ. ಅವನ ಬೈಕಿನ ಹಿಂದೆ ಆರ್ಕೆಸ್ಟ್ರಾದ ಗಾಯಕಿ ಪವಿತ್ರ ಕೂತಿದ್ದಳು. ಇಳಿದವಳೇ ಹಲಗೆ ತಟ್ಟಿ ನೋಡಿದಳು.

"ಗಂಗೂ, ಇದನ್ನೇ ತಗೋ ಕಣೋ."

ಗಂಗೂ ಅಂತೆ... ಕಣೋ ಅಂತೆ... ತಾನು ಇಷ್ಟು ದಿನಕ್ಕೂ 'ರೀ' ದಾಟಿರಲಿಲ್ಲ.

ಗಂಗಾಧರ್ ಜೇಬಿಗೆ ಕೈ ಹಾಕಿದ. "ಒಂಬೈನೂರು ಅಲ್ವಾ?"

"ಎರಡೂವರೆ ಸಾವಿರ," ಎಂದಳು ಚಂದನ.

"ಅವತ್ತು ನೀವೇ..."

"ಅವತ್ತಿನ ರೇಟು ಅವತ್ತಿಗೆ."

ಅವನು ಹಲಗೆಯನ್ನು ಗೋಡೆಗೆ ಒರಗಿಸಿದ. ಬೈಕಿನತ್ತ ನಡೆದ. ಪವಿತ್ರ ಮಾತ್ರ ಚಂದನಳನ್ನು ತುಸು ಹೊತ್ತು ನೋಡಿ, ಆಮೇಲೆ ಬೈಕ್ ಹತ್ತಿದಳು.

ಅವನು ಮತ್ತೆ ಬರಲಿಲ್ಲ. ಒಂದು ಬೆಳಿಗ್ಗೆ ತಂದೆ ಕೋದಂಡರಾಮಪ್ಪ ಕೇಳಿದರು, "ಏಮ್ಮಾ, ತಾಯಲೂರು ಹುಡುಗ ಶ್ರೀನಿವಾಸಪುರದಲ್ಲಿ ಮಾವಿನ ಹಲಗೆ ತಗೊಂಡನಂತೆ. ನಮ್ಮಲ್ಲಿರಲಿಲ್ವಾ?"

ಅವಳಿಗೆ ಕಾಫಿ ಇಳಿಯಲಿಲ್ಲ. ಹಲಗೆಯನ್ನು ಸ್ಕೂಟಿಯಲ್ಲಿ ಕಾಲುಗಳ ನಡುವೆ ನಿಲ್ಲಿಸಿಕೊಂಡು ತಾಯಲೂರಿಗೆ ಹೊರಟೇಬಿಟ್ಟಳು.

ಗಂಗಾಧರ್ ತಾಮ್ರದ ತಂತಿ ಸುತ್ತುತ್ತಿದ್ದ. ಪಕ್ಕದಲ್ಲಿ ಮಾವಿನ ಹಲಗೆ ಆಗಲೇ ಗಿಟಾರಿನ ಆಕಾರಕ್ಕೆ ಬಂದಿತ್ತು. ಚಂದನ ಹೊಸಿಲಲ್ಲೇ ನಿಂತಳು.

"ತಡ ಆಯ್ತು ಅನ್ಸುತ್ತೆ... ಆದ್ರೂ ಇದನ್ನ ಇಟ್ಕೊಳಿ. ದುಡ್ಡು ಬೇಡ."

"ಯಾಕೆ ಹಾಗೆ ಹೇಳಿದ್ರಿ ಅವತ್ತು? ದುಡ್ಡಿಲ್ಲದವನು ಅಂತ ಓಡಿಸಿದ್ರಾ?"

"ಅಲ್ಲ." ಅವಳು ಹಲಗೆಯನ್ನು ಬಾಗಿಲಿಗೆ ಒರಗಿಸಿದಳು. "ಅವಳು ನಿಮ್ಮನ್ನ ಕಣೋ ಅಂದ್ಲು. ನನಗೆ ತಡ್ಕೊಳಕ್ಕಾಗಲಿಲ್ಲ."

ಅವನು ತಂತಿ ಸುತ್ತುವುದನ್ನು ನಿಲ್ಲಿಸಿದ.

"ಪವಿತ್ರ ನನ್ನ ಮದ್ವೆ ಆಗು ಅಂದಿದ್ಲು. ಆಗಲ್ಲ, ಮನಸ್ಸಲ್ಲಿ ಒಬ್ರಿದಾರೆ ಅಂದೆ. ಯಾರು ಅಂತ ನೋಡೋಕೇ ಬಂದಿದ್ದು ಅವತ್ತು." ಅವನು ನೆಲ ನೋಡಿದ. "ವಾಪಸ್ ಹೋಗ್ತಾ ಹೇಳಿದ್ಲು, ಇಷ್ಟವಿಲ್ದೆ ಯಾರೂ ಹಾಗೆ ರೇಟ್ ಏರಿಸಲ್ಲ ಅಂತ. ನಂಬೋಕೆ ನನಗೇ ಧೈರ್ಯ ಬರಲಿಲ್ಲ."

ಚಂದನ ಕಣ್ಣೊರೆಸಿಕೊಂಡಳು. ಉರಿ ಇನ್ನೂ ಪೂರ್ತಿ ಆರಿರಲಿಲ್ಲ.

"ಅವಳು ಇನ್ನೂ ನಿಮ್ಮ ಜೊತೆನೇ ಹಾಡ್ತಾಳಾ?"

"ಹಾಡ್ತಾಳೆ."

"ನನಗೆ ಸಂಕಟ ಆಗುತ್ತೆ."

"ಹಾಗಿದ್ರೆ ಮೊದಲನೇ ಸಾಲಲ್ಲಿ ಬಂದು ಕೂತ್ಕೋ."

ಅವಳು ತಲೆಯೆತ್ತಿದಳು. "ಏನಂದ್ರಿ... ಕೂತ್ಕೋ?"

"ತಪ್ಪಾಯ್ತಾ?"

"ಇಲ್ಲ. ಇನ್ನೊಂದ್ಸಲ ಹೇಳಿ..." ಅವಳು ಮೆಲ್ಲಗೆ ತಿದ್ದಿಕೊಂಡಳು. "ಹೇಳು."