ಮಗ್ಗುಲಿಗೆ ಮಲಗಿಸಿ

"ಬಾಯ್ಮಾತಲ್ಲಿ ಏಳೋದು ಸುಲ್ಬ ಕಣಮ್ಮ," ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದವನು ಅಂದ. "ಮಗೀಗೆ ಫಿಟ್ಸ್ ಬಂದಾಗ ನೀವು ಮಂಡ್ಯದಲ್ಲಿರ್ತೀರ."

ಸಿಂಧು ಕೈಯಲ್ಲಿದ್ದ ಬಟ್ಟೆ ಗೊಂಬೆಯನ್ನು ಕೆಳಗಿಟ್ಟು ತಿರುಗಿ ನೋಡಿದಳು. ಮಕ್ಕಳಿಗೆ ಫಿಟ್ಸ್ ಬಂದಾಗ ಮನೆಯವರು ಏನು ಮಾಡಬೇಕೆಂದು ಮುತ್ತತ್ತಿ ಕಾಡಂಚಿನ ಹಳ್ಳಿಗಳಲ್ಲಿ ಕಲಿಸುವ ನರ್ಸ್ ಅವಳು. ಇಂಥ ಒರಟು ಮಾತು ಹೊಸದಲ್ಲ. ಆದರೆ ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು.

"ಅದಕ್ಕೇ ನಿಮಗೆ ಕಲಿಸೋಕೆ ಬಂದಿರೋದು. ಒಳಗೆ ಬನ್ನಿ."

ಅವನು ಪುನೀತ್. ತೀರಿಹೋದ ಅಕ್ಕನ ಪುಟ್ಟ ಮಗಳು ದೀಪಿಕಳನ್ನು ಅವನೂ ಅವನ ತಾಯಿ ಮಲ್ಲಿಗಮ್ಮನೂ ಸಾಕುತ್ತಿದ್ದರು. ಕಲಿಯಲೆಂದು ಅವನು ಗೊಂಬೆಯನ್ನು ಮಗ್ಗುಲಿಗೆ ತಿರುಗಿಸುವಾಗ ಬೆರಳಿನ ಗಾಯದ ಗುರುತು ಸಿಂಧುವಿಗೆ ಕಂಡಿತು.

"ಇದೇನು?"

"ನಾಲ್ಗೆ ಕಚ್ಕತ್ತಳೆ ಅಂತ ಬೆರಳು ಕೊಟ್ಟಿದ್ದೆ."

"ಇನ್ಮೇಲೆ ಬಾಯಿಗೆ ಏನೂ ಹಾಕಬೇಡಿ. ಬೆರಳಂತೂ ಬೇಡವೇ ಬೇಡ."

"ಸರಿ ಮೇಡಂ. ಬೆರಳು ನಂಗೂ ಬೇಕು."

ನಗು ತಡೆಯಲು ಅವಳು ಕಿಟಕಿಯ ಕಡೆ ನೋಡಿದಳು. ಅವನು ಅದನ್ನೂ ಗಮನಿಸಿದ.

ಆಮೇಲೆ ಪ್ರತಿ ತರಬೇತಿಗೂ ಅವನೇ ಮೊದಲು ಬರುತ್ತಿದ್ದ. ಐದು ನಿಮಿಷಕ್ಕೂ ಫಿಟ್ಸ್ ನಿಲ್ಲದಿದ್ದರೆ ಮೂಗಿಗೆ ಸ್ಪ್ರೇ ಹಾಕಬೇಕು ಎಂಬಂಥ, ಕಲಿತದ್ದನ್ನೇ ಮತ್ತೆ ಕೇಳುತ್ತಿದ್ದ.

"ಇದು ನಿಮಗೆ ಗೊತ್ತಲ್ಲ?"

"ನೀವು ಏಳುದ್ರೆ ಇನ್ನೂ ಚೆಂದಾಗಿ ಗೊತ್ತಾಯ್ತದೆ."

ಕೊನೆಯ ತರಬೇತಿಯ ದಿನ ಮಲ್ಲಿಗಮ್ಮ ಅವಳನ್ನು ಊಟಕ್ಕೆ ಕರೆದರು. ಮುದ್ದೆ ಮುರಿಯುವಷ್ಟರಲ್ಲಿ ಜಗಲಿಯಲ್ಲಿ ಧಪ್ ಎಂಬ ಸದ್ದಾಯಿತು. ದೀಪಿಕ ಬಿದ್ದಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು. ತುಟಿ ನೀಲಿಗಟ್ಟುತ್ತಿತ್ತು.

ನೆರೆಯವರು ಓಡಿಬಂದರು. "ಕೈಗೆ ಕಬ್ಬುಣ ಕೊಡ್ರಪ್ಪೋ!" "ಬಾಯ್ಗೆ ಚಮ್ಚ ಆಕ್ರಿ!" ಮಲ್ಲಿಗಮ್ಮ ಬೀಗದ ಕೈ ಹಿಡಿದು ಧಾವಿಸಿದರು.

ಸಿಂಧು ಜಗಲಿಗೆ ಬರುವಷ್ಟರಲ್ಲಿ ಪುನೀತ್ ಮಗುವಿನ ಪಕ್ಕ ಮಂಡಿಯೂರಿದ್ದ. ನಾಳೆಯಿಂದ ತಾನಿಲ್ಲಿ ಇರುವುದಿಲ್ಲ, ಇವತ್ತು ಅವನೇ ಮಾಡಬೇಕು ಎಂದುಕೊಂಡು ಅವಳು ಎದುರಿಗೆ ಕೂತಳು. ಮುಂದೆ ಚಾಚಿಕೊಂಡ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಬುಡವ್ವ, ಏನೂ ಬೇಡ. ಎಲ್ರೂ ದೂರ ಸರ್ಕಳಿ." ಅವನು ಮಗುವನ್ನು ಮಗ್ಗುಲಿಗೆ ತಿರುಗಿಸಿದ, ಟವೆಲ್ ಮಡಿಸಿ ತಲೆಯಡಿ ಇಟ್ಟ, ಕುತ್ತಿಗೆಯ ಗುಂಡಿ ಬಿಚ್ಚಿದ. "ಮೇಡಂ, ಟೈಮ್ ನೋಡ್ಕಳಿ."

"ಮೂರು ನಿಮಿಷ."

ಅದುರುವುದು ನಿಲ್ಲಲಿಲ್ಲ. ಮಲ್ಲಿಗಮ್ಮ ಗೋಳಾಡತೊಡಗಿದರು.

"ನಾಲ್ಕು."

ಪುನೀತ್ ತಲೆಯೆತ್ತಿ ಸಿಂಧುವನ್ನು ನೋಡಿದ. ಅವಳು ಕಣ್ಣು ಕದಲಿಸಲಿಲ್ಲ.

"ಐದು. ಈಗ."

ಡಾಕ್ಟರು ಬರೆದುಕೊಟ್ಟಿದ್ದ ಸ್ಪ್ರೇಯನ್ನು ಅವನು ಜೇಬಿನಿಂದ ತೆಗೆದು ಮಗುವಿನ ಮೂಗಿಗೆ ಹಾಕಿದ. ಅದುರುವುದು ನಿಧಾನವಾಯಿತು, ಆಮೇಲೆ ನಿಂತಿತು. ದೀಪಿಕ ಉದ್ದಕ್ಕೆ ಉಸಿರೆಳೆದುಕೊಂಡಳು.

ನೆರೆಮನೆಯ ಕಾರಿನಲ್ಲಿ ಮಳವಳ್ಳಿ ಆಸ್ಪತ್ರೆಗೆ ಹೋದರು. ಸಂಜೆ ಹೊತ್ತಿಗೆ ದೀಪಿಕ ಅಜ್ಜಿಯ ಹತ್ತಿರ ಬಿಸ್ಕತ್ತಿಗೆ ಹಟ ಮಾಡುತ್ತಿದ್ದಳು.

ಹೊರಗೆ ಗೋಡೆಗೊರಗಿ ನಿಂತಿದ್ದ ಪುನೀತನ ಕೈಗಳು ಈಗ ನಡುಗುತ್ತಿದ್ದವು.

"ಆಗ ನಡುಗಲಿಲ್ಲವಲ್ಲ?" ಸಿಂಧು ಕೇಳಿದಳು.

"ಆಗ ಏನ್ ಮಾಡ್ಬೇಕು ಅಂತ ಗೊತ್ತಿತ್ತು." ಅವಳ ಕಡೆ ತಿರುಗಿದ. "ಇನ್ಮೇಲೆ ನೀವು ಬರ್ದಿದ್ರೂ ನಾನು ಮಗೀನ ನೋಡ್ಕತ್ತೀನಿ ಮೇಡಂ. ಅದ್ಕೇ ಈಗ ಕೇಳ್ತಾ ಇವ್ನಿ. ಅವಳ್ಗೋಸ್ಕರ ಅಲ್ಲ. ನಂಗೆ ನೀವು ಬೇಕು."

ಸಿಂಧು ಆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಭಾನುವಾರ ಮಂಡ್ಯಕ್ಕೆ ಬನ್ನಿ. ಅಪ್ಪ ಮೇಷ್ಟ್ರು, ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾರೆ."

"ಅವ್ರು ಒಪ್ದೆ ಓದ್ರೆ?"

"ನಾನು ಒಪ್ಪಿದೀನಲ್ಲ."