ಗಜಾಲಾಳ ರಾಜ ಹಾರಿದ

"ಸರ್! ಈಕಿ ರಾಜ ಕುದುರಿಗತೆ ಜಿಗದಾನ್ರಿ!"

ಸಮ್ಯಕ ಕೂಗಿದ ಕೂಗಿಗೆ ಹುಮನಾಬಾದಿನ ಆ ಹಾಲ್‌ನ ಫ್ಯಾನುಗಳು ತಿರುಗುವುದನ್ನೇ ಮರೆತವು. ಹಳ್ಳಿಖೇಡದ ಕಬ್ಬಿನ ಲಾರಿಗಳು ನಡುರಸ್ತೆಯಲ್ಲಿ ಬ್ರೇಕ್ ಹಾಕಿದವು.

ಬಸವಕಲ್ಯಾಣದ ಐದನೇ ಕ್ಲಾಸಿನ ಗಜಾಲಾ ಮಾತ್ರ ಗದ್ದ ಎತ್ತಿ ಕುಳಿತಿದ್ದಳು. ಈ ಚೆಸ್ ಆಟ ಗೆದ್ದವರಿಗೆ ಬೀದರಿಗೆ ಹೋಗುವ ಟೀಮಿನ ಕೊನೆಯ ಸೀಟು. ಸಮ್ಯಕನ ಮಂತ್ರಿ ಚೆಕ್ ಕೊಟ್ಟದ್ದೇ ತಡ, ಅವಳು ತನ್ನ ರಾಜನನ್ನು ಎತ್ತಿ, ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿದ್ದಳು.

ಅದು ಅವಳ ಅಜ್ಜ, ದಾದಾ ಸೈಫುದ್ದೀನ್, ಕಲಿಸಿದ ಗುಟ್ಟಿನ ನಡೆ. ಎಷ್ಟು ಗುಟ್ಟೆಂದರೆ, ಬೆಳಗ್ಗೆ ಬಸ್ಸಿನಲ್ಲಿ ಡ್ರೈವರನಿಗೆ, ಕಂಡಕ್ಟರನಿಗೆ, ಸೀಟಿನ ಕೆಳಗಿದ್ದ ಒಂದು ಕೋಳಿಗೆ ಮಾತ್ರ ಹೇಳಿದ್ದಳು.

ಪಂದ್ಯದ ತೀರ್ಪುಗಾರ ಮಚ್ಚೇಂದ್ರ ಸರ್ ಗಡಿಯಾರ ನಿಲ್ಲಿಸಿದರು. "ರಾಜ ಹಿಂಗ ಹಾರಂಗಿಲ್ಲವ್ವಾ. ಕ್ಯಾಸ್ಲಿಂಗ್ ಅದ. ರಾಜ ಎರಡು ಮನಿ ಸರೀತಾನ, ಆನಿ ಅವನ್ನ ದಾಟಿ ಬಾಜೂಕ ಕಾವಲು ನಿಲ್ತದ. ಅದೂ ಚೆಕ್ ಇದ್ದಾಗ ನಡ್ಯಂಗಿಲ್ಲ."

"ಕ್ಯಾಸ್ಲಿಂಗ್ ಎಲ್ಲಾರಿಗೂ ಬರ್ತದ್ರಿ. ಇದು ನಮ್ಮ ದಾದಾನ ರೂಲ್! ಬೇಕಾದ್ರ ಕೇಳ್ರಿ!"

ಬಾಗಿಲ ಬಳಿ ಕುಳಿತಿದ್ದ ದಾದಾ ಎದ್ದು ಬಂದರು. ಇನ್ನೇನು, ದಾದಾ ಬಾಯಿ ಬಿಟ್ಟರೆ ರೂಲ್ ಬುಕ್ಕೇ ಹೆದರಿ ಮುಚ್ಚಿಕೊಳ್ಳುತ್ತದೆ!

"ಜಿಗಿತ ಖರೇ ಅದ್ರಿ, ಸರ್. ನಮ್ಮ ಆಟದಾಗ ರಾಜ ಒಮ್ಮೆ ಜಿಗೀತಾನ," ಎಂದರು ದಾದಾ. "ಆದ್ರ ಬೇಟಾ, ಚೆಕ್ ಬಿದ್ದ ಮ್ಯಾಲ ಜಿಗಿ ಅಂತ ನಾ ಯಾವಾಗ ಹೇಳೀನಿ?"

ಸಮ್ಯಕ ಕಿಸಕ್ಕನೆ ನಕ್ಕ. "ಎರಡೂ ರೂಲಿನ್ಯಾಗ ಔಟ್!"

ಸರ್ ನಗಲಿಲ್ಲ. "ದಾದಾರದು ಹಳೇ ಪದ್ಧತಿ. ರಾಜಂದು ಒಂದೊಂದೇ ಮನಿ ನಡಿಗಿ. ನಡುವ ಸಿಕ್ಕೊಂಡ ಅಂದ್ರ ಕತಿ ಮುಗೀತು. ಅದಕ್ಕ ಒಮ್ಮೆ ಜಿಗಿಯಾಕ ಬಿಟ್ಟಿದ್ರು. ಯುರೋಪಿನ್ಯಾಗೂ ಹಿಂದ ಜಿಗೀತಿದ್ದ. ಬರ್ತಾ ಬರ್ತಾ ಆನೀನೂ ಅದರಾಗ ಕೂಡ್ತು, ಕ್ಯಾಸ್ಲಿಂಗ್ ಆತು."

"ಮತ್ತ ಚೆಕ್ ಇದ್ದಾಗ ಯಾಕ ಬ್ಯಾಡ್ರಿ? ಆವಾಗೇ ಬೇಕಲ್ಲ!" ಎಂದಳು ಗಜಾಲಾ.

"ನಮ್ಮ ಕಲ್ಯಾಣದ ಕಿಲ್ಲೆದ ಗ್ವಾಡಿ, ದುಶ್ಮನ್ ಒಳಗ ಬಂದ ಮ್ಯಾಲ ಕಟ್ಟ್ಯಾರೇನು?" ಎಂದರು ದಾದಾ.

ಆಟದ ನಿಯಮದಂತೆ, ಮುಟ್ಟಿದ ರಾಜನನ್ನೇ ನಡೆಸಬೇಕಿತ್ತು. ಗಜಾಲಾ ಅವನನ್ನು ಒಂದು ಮನೆ ಪಕ್ಕಕ್ಕೆ ಇಟ್ಟಳು. ಆಮೇಲೆ ಆಟ ಬಹಳ ಹೊತ್ತು ಉಳಿಯಲಿಲ್ಲ. ಬೀದರಿನ ಸೀಟು ಸಮ್ಯಕನದಾಯಿತು. ಗಜಾಲಾ ಅತ್ತಳೇ? ಛೆ! ಆ ಹಾಲ್‌ನಲ್ಲಿ ಧೂಳು ಬೆಟ್ಟದಷ್ಟಿತ್ತು, ಅಷ್ಟೇ.

ಸಂಜೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಮ್ಯಕ ತನ್ನ ಬೋರ್ಡು ಬಿಚ್ಚಿದ. "ಬಾ, ಇನ್ನೊಂದು ಆಡೋಣು. ಈ ಸಲ ರಾಜನ್ನ ಬೀದರಿಗೇ ಹಾರಸ್ತೀ ಏನು?"

ಗಜಾಲಾ ಕುದುರೆ ನಡೆಸಿದಳು, ಒಂಟೆ ನಡೆಸಿದಳು. ಆಮೇಲೆ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಅವನ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ನಾ ಇನ್ನೂ ಚೆಕ್ಕೇ ಕೊಟ್ಟಿಲ್ಲ! ಈಗ್ಯಾಕ?" ಎಂದ ಸಮ್ಯಕ.

ಗಜಾಲಾ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಪಾಳಿ ನಿಂದು," ಎಂದಳು.