ಮೂವತ್ತನೇ ನಂಬರಿನ ಸೀಸೆ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಒಂಬತ್ತೂವರೆಗೆ ಚಿನಿಬೆಕ್ ಎಂಬ ಟ್ಯಾಕ್ಸಿ ಚಾಲಕ ಬಿಷ್ಕೆಕ್‌ನ ಓಶ್ ಬಜಾರಿನ ಹಿಂದಿರುವ ಠಾಣೆಗೆ ಬಂದ. ಇನ್ಸ್‌ಪೆಕ್ಟರ್ ಇರಿಸ್‌ಬೆಕ್‌ನ ಮೇಜಿನ ಮೇಲೆ ನಾಲ್ಕು ಖಾಲಿ ಔಷಧದ ಸೀಸೆಗಳನ್ನು ಸಾಲಾಗಿ ಇಟ್ಟ.

“ಹೆಂಡ್ತಿನ ಮಣ್ಣು ಮಾಡಿ ಬಂದಿದೀನಿ ಅಣ್ಣ. ಅವಳಿಗೆ ಬೇರೆಯವರ ಔಷಧ ಏರಿಸಿದಾರೆ. ನಂಬರ್ ನೋಡಿ, ಅವಳದ್ದು ಮೂವತ್ತೊಂದು.”

ಮೊದಲ ಸೀಸೆಯ ಮೇಲೆ 31 ಎಂದಿತ್ತು. ಉಳಿದ ಮೂರರ ಮೇಲೆ 30.

“ಸೀಸೆ ನಿನ್ನ ಕೈಗೆ ಹೇಗೆ ಬಂತು?”

“ದಿನಾ ಆಸ್ಪತ್ರೆ ಬಾಗಿಲಲ್ಲಿ ಇಸ್ಕೋತಿದ್ದೆ. ಎಲ್ರೂ ಇಸ್ಕೋತಾರಲ್ಲ.”

ತನ್ನ ತಾಯಿ ಮಲಗಿದ್ದಾಗ ಇರಿಸ್‌ಬೆಕ್ ಕೂಡ ಇಸಕೊಂಡಿದ್ದ. ತೀವ್ರ ನಿಗಾ ಘಟಕದೊಳಗೆ ಮನೆಯವರನ್ನು ಬಿಡುವುದಿಲ್ಲ. ಔಷಧ ಯಾರ ಜೇಬಿಗೂ ಹೋಗದೆ ರೋಗಿಯ ಮೈಗೇ ಸೇರಿತು ಅನ್ನುವುದಕ್ಕೆ ಖಾಲಿ ಸೀಸೆಯೇ ಸಾಕ್ಷಿ. ವೈದ್ಯರಿಗೆ ಇದು ಅವಮಾನ, ಆದರೂ ಕೊಡುತ್ತಾರೆ.

“ಕದ್ದು ಮಾರ್ಕೊಂಡಿದಾರೆ ಸಾರ್,” ಎಂದ ಕಾನ್‌ಸ್ಟೇಬಲ್ ತೊಲೊಗೊನ್. ಎಫ್‌ಐಆರ್‌ನ ಮಸಿ ಆರುವ ಮೊದಲೇ ಕಳ್ಳನನ್ನು ಹಿಡಿದುಬಿಡುವ ಆಸಾಮಿ ಅವನು.

“ಕದ್ದವರು ಸಾಕ್ಷಿನ ಕೈಗೆ ಕೊಟ್ಟು ಕಳಿಸ್ತಾರೇನೋ?”

ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ಪಂಚನಾಮೆ ನಡೆಯಿತು. ಫ್ರಿಜ್‌ನಲ್ಲಿ ಉಳಿದಿದ್ದ ಎರಡೂ ನಂಬರಿನ ಸೀಸೆಗಳನ್ನು ಪಂಚರ ಮುಂದೆ ವಶಪಡಿಸಿಕೊಂಡರು. ಅಲ್ಲಿ ನಡೆಯುತ್ತಿದ್ದ ಹೊಸ ಔಷಧದ ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ಉಮ್ಸುನಾಯ್ ಪಕ್ಕದಲ್ಲೇ ನಿಂತು ಚಡಪಡಿಸುತ್ತಿದ್ದರು.

“ರಕ್ತಕ್ಕೆ ನಂಜೇರಿದವರಿಗೆ ಮಾಮೂಲು ಚಿಕಿತ್ಸೆ ಎಲ್ಲ ಒಂದೇ. ಅದರ ಮೇಲೆ ಕೆಲವರಿಗೆ ಹೊಸ ಔಷಧ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಗೊತ್ತಾಗಲೂಬಾರದು.”

“ಸಾಯೋರ ಮೇಲೆ ಚೀಟಿ ಎತ್ತೋದಾ ಡಾಕ್ಟ್ರೇ?” ಎಂದ ತೊಲೊಗೊನ್.

“ಒಳ್ಳೇದು ಅಂತ ಗೊತ್ತಿದ್ರೆ ಎಲ್ರಿಗೂ ಕೊಡ್ತಿದ್ದೆ. ಕೆಡುಕೂ ಮಾಡಬಹುದು. ಗೊತ್ತಿಲ್ಲ ಅಂತಾನೇ ಈ ಪರೀಕ್ಷೆ.”

ಮೂವತ್ತನೇ ನಂಬರ್ ಪಕ್ಕದ ಹಾಸಿಗೆಯ ಸತಾರ್‌ಕುಲ್ ಅವರದು. ಕುದುರೆ ಪಳಗಿಸುತ್ತಿದ್ದ ಎಪ್ಪತ್ತೆಂಟರ ಮುದುಕರು. ಅವರು ಚೇತರಿಸಿಕೊಂಡು ಸಾಮಾನ್ಯ ವಾರ್ಡಿಗೆ ಹೋಗಿದ್ದರು. ಚಿನಿಬೆಕ್‌ನ ಹೆಂಡತಿ ಆಯ್ಜಾರ್ಕಿನ್‌ಗೆ ಇಪ್ಪತ್ತಾರು ವರ್ಷ. ಇಬ್ಬರಿಗೂ ಸೀಸೆ ಏರಿಸಿದವಳು ನರ್ಸ್ ಸಾಲ್ಕಿನ್.

“ಸೀಸೆ ಅದಲುಬದಲು ಮಾಡಿದ್ದು ನೀನೇನಾ?”

“ಹೌದು.”

“ಕಣ್ತಪ್ಪಿನಿಂದಾನಾ?”

“ಅಲ್ಲ.”

“ಮತ್ಯಾಕೆ?”

ಅದಕ್ಕೆ ಮಾತ್ರ ಅವಳು ಬಾಯಿ ಬಿಡಲಿಲ್ಲ. ಇರಿಸ್‌ಬೆಕ್‌ಗೆ ಸಿಟ್ಟು ಬಂತು. ಸುಳ್ಳು ಹೇಳುವವರನ್ನು ಅವನು ಬಗ್ಗಿಸಬಲ್ಲ. ನಿಜ ಹೇಳಿ ಸುಮ್ಮನಾಗುವವರ ಮುಂದೆ ಅವನ ಆಟ ನಡೆಯುವುದಿಲ್ಲ. ಎದ್ದು ಸತಾರ್‌ಕುಲ್ ಅವರ ವಾರ್ಡಿಗೆ ಹೋದ.

“ಆ ಹುಡುಗಿನ ಯಾಕೋ ಗೋಳು ಹೊಯ್ಕೋತೀಯ?” ಎಂದರು ಮುದುಕರು. “ಹೇಳಿದ್ದು ನಾನು.”

“ಏನಂತ ತಾತ?”

“ಪಕ್ಕದ ಹುಡುಗಿ ಉಸಿರಿಗೆ ಒದ್ದಾಡ್ತಿದ್ಲು. ನನ್ನ ಸೀಸೆ ಅವಳಿಗೆ ಹಾಕು, ಅವಳದ್ದು ನನಗಿರಲಿ ಅಂದೆ. ನಾನು ಉಂಡಾಯ್ತು, ಓಡಾಡಿದ್ದಾಯ್ತು. ಆದ್ರೂ ಪಾಪ, ಅವಳು ಉಳೀಲಿಲ್ಲ.”

“ಒಳ್ಳೇದು ನಿಮ್ಮ ಸೀಸೆಲೇ ಇದೆ ಅಂತ ಯಾರು ಹೇಳಿದ್ರು?”

ಮುದುಕರು ಅವನನ್ನು ಮರುಕದಿಂದ ನೋಡಿದರು. “ಔತಣದಲ್ಲಿ ಎಲ್ಲಕ್ಕಿಂತ ಒಳ್ಳೇ ತುಂಡು, ಕುರಿ ತಲೆ, ಯಾರ ತಟ್ಟೆಗೆ ಬರುತ್ತೋ? ಹಿರಿಯ ಎದುರಿಗೆ ಕೂತಿರೋವಾಗ ಹುಡುಗರಿಗೆ ಬಡಿಸ್ತಾರಾ? ನಿಮ್ಮಪ್ಪ ನಿಂಗೆ ಏನೂ ಕಲಿಸಲಿಲ್ವಾ?”

ಕಲಿಸಿದ್ದ. ಅದಕ್ಕೇ ಇರಿಸ್‌ಬೆಕ್ ವಾದಕ್ಕಿಳಿಯದೆ ಸಾಲ್ಕಿನ್ ಬಳಿಗೆ ವಾಪಸಾದ.

ಮುದುಕರು ಒಪ್ಪಿದರೆಂದು ತಿಳಿದ ಮೇಲೆ ಸಾಲ್ಕಿನ್ ಮಾತಾಡಿದಳು. “ತಾತ ಎರಡೂ ಅಂಗೈ ಬಿಚ್ಚಿ ಬತಾ ಕೊಟ್ರು ಸಾರ್. ಹಿರಿಯರು ಹರಸಿ ಕೇಳಿದ್ಮೇಲೆ ಆಗಲ್ಲ ಅಂತ ಹೇಗನ್ನಲಿ?”

“ಯಾವುದು ಯಾವುದು ಅಂತ ಯಾರಿಗೂ ಗೊತ್ತಿಲ್ಲ ಅಂತ ಕಲಿಸಿರಲಿಲ್ವಾ?”

“ಕಲಿಸಿದ್ರು. ಆದ್ರೆ ಅಷ್ಟು ದೊಡ್ಡವರಿಗೆ ಉಪ್ಪುನೀರು ಕೊಡ್ತಾರಾ ಸಾರ್?”

ಹದಿನಾಲ್ಕರಂದು ನ್ಯಾಯಾಲಯದ ಆದೇಶ ಬಂತು. ಎರಡು ನಂಬರಿನ ಗುಟ್ಟನ್ನು ಪಂಚರ ಎದುರು, ಸಾಲ್ಕಿನ್‌ಳ ಎದುರು ತೆರೆಯಲಾಯಿತು. ಮೂವತ್ತು, ಉಪ್ಪುನೀರು. ಮೂವತ್ತೊಂದು, ಹೊಸ ಔಷಧ. ತೊಲೊಗೊನ್ ಬರೆಯುವುದನ್ನು ನಿಲ್ಲಿಸಿದ.

ಸಾಲ್ಕಿನ್‌ಳನ್ನು ದಸ್ತಗಿರಿ ಮಾಡುವಾಗ ಇರಿಸ್‌ಬೆಕ್‌ಗೆ ಈ ಕೆಲಸವೇ ಸಾಕೆನಿಸಿತು.

“ತಾತನಿಗೆ ಹೇಳ್ಬೇಡಿ ಸಾರ್. ನಂದೇ ಅಜಾಗರೂಕತೆ ಅಂತ ಬರ್ಕೊಳ್ಳಿ, ಸಹಿ ಹಾಕ್ತೀನಿ.”

“ಚಿನಿಬೆಕ್‌ಗೆ ಏನಂತ ಹೇಳ್ಲಿ?”

ಇರಿಸ್‌ಬೆಕ್ ಇದ್ದದ್ದನ್ನೇ ಬರೆದ: ಆರೋಪಿಗೆ ದ್ವೇಷವಾಗಲಿ ಲಾಭದ ಆಸೆಯಾಗಲಿ ಇರಲಿಲ್ಲ, ಹಿರಿಯರ ಮಾತು ಮೀರಲಾರದೆ, ಕಿರಿಯ ಜೀವ ಉಳಿಯಲೆಂದು ಮಾಡಿದಳು.

ಸತಾರ್‌ಕುಲ್ ಸಾಕ್ಷಿ. ಹೇಗೂ ನ್ಯಾಯಾಲಯದಲ್ಲಿ ಕಿವಿಗೆ ಬೀಳುವ ಮಾತು. ಉಮ್ಸುನಾಯ್ ಅವರನ್ನು ಕರೆದುಕೊಂಡು ಹೋಗಿ ಇರಿಸ್‌ಬೆಕ್ ತಾನೇ ಹೇಳಿದ.

ಮುದುಕರು ಬತಾ ಕೊಟ್ಟ ತಮ್ಮ ಅಂಗೈಗಳನ್ನು ನೋಡಿಕೊಂಡರು.

“ನಾನು ಉಳಿದಿದ್ದು ಅವಳ ಔಷಧದಿಂದಾನಾ ಡಾಕ್ಟರಮ್ಮ?”

“ಗೊತ್ತಿಲ್ಲ ತಾತ. ಅದಿಲ್ಲದೇನೂ ಉಳೀತಿದ್ರೇನೋ.”

“ಅವಳಿಗೆ ಕೊಟ್ಟಿದ್ರೆ?”

“ಅದೂ ಗೊತ್ತಿಲ್ಲ.”

“ಯಾವತ್ತು ಗೊತ್ತಾಗುತ್ತೆ?”

“ನಿಮ್ಮಿಬ್ಬರದು ಗೊತ್ತಾಗೋದೇ ಇಲ್ಲ. ಔಷಧ ಒಳ್ಳೇದೋ ಕೆಟ್ಟದ್ದೋ ಅನ್ನೋದು, ಇನ್ನೂ ಎರಡು ವರ್ಷ ಆಗುತ್ತೆ.”

“ಎರಡು ವರ್ಷ,” ಎಂದರು ಸತಾರ್‌ಕುಲ್. “ಅಲ್ಲೀವರೆಗೂ ನಾನು ಸಾಯೋ ಹಾಗೂ ಇಲ್ಲ.”